ಮಷೀನಿಗೆ ಸಾಲ ಸಿಕ್ಕಿತು, ತೊಗರಿಗೆ ಸಿಗಲಿಲ್ಲ

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದವರಲ್ಲಿ ನಾನೂ ಒಬ್ಬಳು. ಮುಂದೆ ಆಗಿದ್ದು ರಾಜ್ಯಕ್ಕೆಲ್ಲ ಗೊತ್ತು. ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದಲೇ ಅಕ್ರಮದ ಎಳೆ ಬಿಚ್ಚಿಕೊಂಡು, 2022ರ ಏಪ್ರಿಲ್ ಕೊನೆಗೆ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನನ್ನ ರೂಮಿನ ಗೆಳತಿ ಹೋಗಿ ಬರೆದು ಬಂದಳು. ನಾನು ಹೋಗಲಿಲ್ಲ. ಆ ಹೊತ್ತಿಗೆ ನಾನು ಚಿತ್ತಾಪುರ ತಾಲೂಕಿನ ನಮ್ಮೂರಿಗೆ ವಾಪಸ್ ಬಂದು, ತೊಗರಿ ಬ್ಯಾಳಿ ಮಾಡುವ ಒಂದು ಸಣ್ಣ ಮಿಲ್ಲಿನ ಕಾಗದಪತ್ರದ ಬೆನ್ನು ಹತ್ತಿದ್ದೆ.

ಡಿಗ್ರಿ ಮುಗಿಸಿದ ನಮ್ಮ ಭಾಗದ ಹುಡುಗ-ಹುಡುಗಿಯರ ಲೆಕ್ಕ ಹೀಗಿರುತ್ತದೆ: ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ 371-ಜೆ ಸರ್ಟಿಫಿಕೇಟ್ ಕೈಯಲ್ಲಿದೆ, ಇವತ್ತಲ್ಲ ನಾಳೆ ನೋಟಿಫಿಕೇಶನ್ ಬರುತ್ತದೆ, ಅಲ್ಲಿಯವರೆಗೆ ರೂಮ್ ಬಾಡಿಗೆ, ಲೈಬ್ರರಿ, ಎರಡು ಹೊತ್ತಿನ ಮೆಸ್ಸು. ಕಾದು ಸಾಕಾದವರು ಪುಣೆ, ಹೈದರಾಬಾದು, ಬೆಂಗಳೂರಿನ ರೈಲು ಹತ್ತುತ್ತಾರೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಶುರುವಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ನಾನು ಪಾಸಾದ ವರ್ಷ ಅದಕ್ಕೆ ಹೊಂದಲಿಲ್ಲ, ತಮ್ಮನಿಗೆ ಹೊಂದಿತು. ಸರ್ಕಾರಿ ಯೋಜನೆಯಲ್ಲಿ ಸಾಲ ತೆಗೆದು ಸ್ವಂತ ಉದ್ಯೋಗ ಹಚ್ಚಿದವರಿಗೆ ಅದು ಇಲ್ಲ. ಅದಕ್ಕೇ ಮಿಲ್ಲಿನ ಅರ್ಜಿಯಲ್ಲಿ ಅವನ ಹೆಸರು ಎಲ್ಲೂ ಬರದಂತೆ ನೋಡಿಕೊಂಡೆವು. ಮನೆಗೆ ಖಾತ್ರಿಯಾಗಿ ಬರುತ್ತಿದ್ದ ನಗದು ಅದೊಂದೇ.

‘ನೌಕರಿ ಕೇಳುವವರಾಗಬೇಡಿ, ನೌಕರಿ ಕೊಡುವವರಾಗಿ’ ಎನ್ನುವ ಭಾಷಣ ಕಾಲೇಜಿನಲ್ಲಿ ಬೇಕಾದಷ್ಟು ಕೇಳಿದ್ದೆ. ಹಾಗೆ ಹೇಳಿದವರೆಲ್ಲ ತಿಂಗಳು ತಿಂಗಳು ಪಗಾರ ಎಣಿಸುವವರೇ ಆಗಿದ್ದರು ಅನ್ನುವುದು ಬೇರೆ ಮಾತು.

ತೊಗರಿ ಯಾಕೆ ಅಂದರೆ, ಮನೆಯಲ್ಲಿ ಇದ್ದದ್ದು ಅದೇ. ಅಪ್ಪ ಪ್ರತಿ ವರ್ಷ ಜನವರಿಯಲ್ಲಿ ತೊಗರಿಯನ್ನು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಒಯ್ದು ಕ್ವಿಂಟಲ್ ಲೆಕ್ಕದಲ್ಲಿ ಮಾರುತ್ತಿದ್ದ. ಬರುವಾಗ ಬ್ಯಾಳಿಯನ್ನು ಕಿಲೋ ಲೆಕ್ಕದಲ್ಲಿ ಕೊಂಡು ತರುತ್ತಿದ್ದ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದ ನಮ್ಮ ಜಿಲ್ಲೆಯ ತೊಗರಿಯನ್ನು ಬೆಳೆದವನೇ ಅಂಗಡಿಯ ಪಾಲಿಶ್ ಬ್ಯಾಳಿ ತಿನ್ನುತ್ತಿದ್ದ. ಅಜ್ಜಿ ಇದ್ದಾಗ ಹಾಗಿರಲಿಲ್ಲ. ತೊಗರಿ ನೆನೆಹಾಕಿ, ಕೆಮ್ಮಣ್ಣು ಹಚ್ಚಿ, ಮಾಳಿಗೆ ಮೇಲೆ ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದಳು. ಅವಳ ಜೊತೆಗೇ ಆ ಕೆಲಸವೂ ಹೋಯಿತು. ಈಗ ಎರಡು ಚೀಲ ತೊಗರಿ ಹೊತ್ತು ‘ನಮ್ಮದು ನಮಗ ಒಡದ್ ಕೊಡ್ರಿ’ ಎಂದು ಕಪನೂರಿನ ದೊಡ್ಡ ಮಿಲ್ಲಿಗೆ ಹೋದರೆ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವರದು ಲಾರಿ ಲೆಕ್ಕ. ಎರಡು ಚೀಲದವರಿಗೆ ಒಂದು ಮಿಲ್ಲು ಬೇಕು ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದ ವಿಚಾರ.

ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದಾಗ ಎರಡು ಮಿನಿ ದಾಲ್ ಮಿಲ್ಲುಗಳ ಹೆಸರು ಹೇಳಿದರು. ಒಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರೂಪಿಸಿದ್ದು, ಇನ್ನೊಂದು ಅಕೋಲಾದ ಪಂಜಾಬರಾವ್ ದೇಶಮುಖ ಕೃಷಿ ವಿದ್ಯಾಪೀಠದ ಪಿಕೆವಿ ಮಿಲ್ಲು. ಎರಡೂ ತಾಸಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಕಾಳು ತಿನ್ನುವಂಥವು. ವಿದರ್ಭದಲ್ಲಿ ಹಳ್ಳಿಯ ಮಹಿಳಾ ಸಂಘಗಳು ಪಿಕೆವಿ ಮಿಲ್ಲು ನಡೆಸುತ್ತವೆ ಎಂದು ತಿಳಿದು, ಅಪ್ಪನನ್ನು ಕರೆದುಕೊಂಡು ಅಕೋಲಾಕ್ಕೆ ಹೋಗಿಬಂದೆ. ಹೋಗುವಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಬರುವಾಗ ಸೊಲ್ಲಾಪುರದಲ್ಲಿ ಚಹಾ ಕುಡಿಯುತ್ತ, “ಹೊಟ್ಟು ಎಮ್ಮಿಗ್ ಆಗ್ತದ” ಅಂದ. ನನಗೆ ಅದೇ ಒಪ್ಪಿಗೆ.

ಯಾವ ಯೋಜನೆಯಲ್ಲಿ ಅರ್ಜಿ ಹಾಕುವುದು ಎಂಬುದಕ್ಕೆ ಒಂದಿಷ್ಟು ಓಡಾಟವಾಯಿತು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಹೇಳಿದ್ದು ಪಿಎಂಇಜಿಪಿ, ಸ್ವಂತ ಉದ್ಯೋಗ ಹಚ್ಚುವವರಿಗೆ ಕೇಂದ್ರದ ಸಬ್ಸಿಡಿ ಸಾಲ. ಆಗ ಅದರಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಹಾಕಬಹುದಿತ್ತು. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಗೆ 35 ಶೇಕಡಾ ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು 5 ಶೇಕಡಾ. ಕೃಷಿ ಇಲಾಖೆಯಲ್ಲಿ ಹೇಳಿದ್ದು ಪಿಎಂಎಫ್‌ಎಂಇ, ಕಿರು ಆಹಾರ ಸಂಸ್ಕರಣೆಗೆಂದೇ 2020ರಲ್ಲಿ ಬಂದದ್ದು. ಅದರಲ್ಲೂ 35 ಶೇಕಡಾ. ಆದರೆ ನಮ್ಮ ರಾಜ್ಯ ತನ್ನ ಕಡೆಯಿಂದ ಇನ್ನೂ 15 ಸೇರಿಸುತ್ತಿದ್ದುದರಿಂದ ಒಟ್ಟು 50 ಶೇಕಡಾ, ಮೇಲ್ಮಿತಿ 15 ಲಕ್ಷ. ಕೈಯಿಂದ 10 ಶೇಕಡಾ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದ ಪಟ್ಟಿಯಲ್ಲಿ ಕಲಬುರಗಿಗೆ ಬಂದಿರುವುದು ತೊಗರಿಯೇ. ಹಾಗಾಗಿ ಪಿಎಂಎಫ್‌ಎಂಇ ಹಿಡಿದೆ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಬಹಳ ರೊಕ್ಕ ಉಳಿಯುತ್ತದೆ. ಪಿಎಂಎಫ್‌ಎಂಇಯಲ್ಲಿ ಜಿಲ್ಲೆಗೆ ಇಂತಿಷ್ಟು ಜನ ಸಂಪನ್ಮೂಲ ವ್ಯಕ್ತಿಗಳಿರುತ್ತಾರೆ. ಯೋಜನಾ ವರದಿ ಬರೆಯುವುದು, ಪೋರ್ಟಲ್‌ಗೆ ಏರಿಸುವುದು, ಬ್ಯಾಂಕಿನ ಬೆನ್ನು ಹತ್ತುವುದು ಎಲ್ಲ ಅವರ ಕೆಲಸ. ಅವರ ಸಂಭಾವನೆ ಸರ್ಕಾರದ್ದು, ಅರ್ಜಿದಾರರು ಒಂದು ಪೈಸೆ ಕೊಡಬೇಕಿಲ್ಲ. ಇದು ತಿಳಿಯುವ ಮೊದಲೇ ಜೆರಾಕ್ಸ್ ಅಂಗಡಿಯಲ್ಲಿ ಗಂಟುಬಿದ್ದ ಒಬ್ಬ ಏಜೆಂಟ್, “ತಂಗಿ, ಸಬ್ಸಿಡಿದಾಗ ಹತ್ತು ಪರ್ಸೆಂಟ್ ಕೊಟ್ರ ಎಲ್ಲಾ ನಾ ನೋಡ್ಕೋತೀನಿ” ಅಂದಿದ್ದ. ಸಬ್ಸಿಡಿ ನಮ್ಮ ಕೈಗೆ ಬರುವುದೇ ಇಲ್ಲ ಅನ್ನುವುದು ಅವನಿಗೂ ಗೊತ್ತಿತ್ತು. ಅದು ಬ್ಯಾಂಕಿಗೆ ಬಂದು ನಮ್ಮ ಸಾಲಕ್ಕೆ ಜೋಡಿಯಾದ ಖಾತೆಯಲ್ಲಿ 3 ವರ್ಷ ಕೂರುತ್ತದೆ. ಅಷ್ಟು ವರ್ಷ ಮಿಲ್ಲು ನಡೆದು, ಕಂತು ತಪ್ಪದಿದ್ದರೆ ಮಾತ್ರ ಸಾಲಕ್ಕೆ ಜಮೆ. ಹಾಗಿದ್ದರೆ ಆ ಹತ್ತು ಪರ್ಸೆಂಟ್ ಎಲ್ಲಿಂದ ಬರಬೇಕು? ಮುಂಗಡವಾಗಿ ನಮ್ಮ ಮನೆಯಿಂದ.

ನಮ್ಮ ಲೆಕ್ಕ ಹೀಗಾಯಿತು: ಮಿಲ್ಲು, ಕಲ್ಲು ತೆಗೆಯುವ ಯಂತ್ರ, ಜರಡಿ, ತೂಕ, ಪ್ಯಾಕಿಂಗ್ ಸೇರಿ ಐದೂವರೆ ಲಕ್ಷ. ಶೆಡ್ಡು ಮತ್ತು ಒಣಗಿಸುವ ಕಟ್ಟೆಗೆ 2 ಲಕ್ಷ. ಒಟ್ಟು 7.5 ಲಕ್ಷ. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ, ಕಟ್ಟಡದ ಖರ್ಚನ್ನೂ 30 ಶೇಕಡಾಕ್ಕಿಂತ ಹೆಚ್ಚು ತೋರಿಸುವಂತಿಲ್ಲ. ನಮ್ಮ ಪಾಲಿನ 75,000ಕ್ಕೆ ಅವ್ವನ ಸರ ಅಡವಿಗೆ ಹೋಯಿತು.

ಕಾಗದಗಳ ಪೈಕಿ ಸುಲಭದವು ಸುಲಭವಾಗಿಯೇ ಆದವು. ಸಣ್ಣ ಉದ್ಯಮವೆಂದು ದಾಖಲಿಸುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಪುಕ್ಕಟೆ ಮುಗಿಯುತ್ತದೆ. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಸತಾಯಿಸಿದ್ದು ಜಾಗದ ಕಾಗದ. ಹೊಲದಲ್ಲಿ ಮಿಲ್ಲು ಹಾಕಬೇಕೆಂದರೆ ಆಗ ಎನ್‌ಎ, ಅಂದರೆ ಕೃಷಿಯೇತರ ಜಮೀನೆಂದು ಬದಲಾವಣೆ, ಮಾಡಿಸಬೇಕಿತ್ತು, ಅದು ನಮ್ಮ ಕೈಲಾಗುವ ಮಾತಾಗಿರಲಿಲ್ಲ. ಊರೊಳಗೆ ಗಾಂವಠಾಣದ (ಮನೆಗಳಿರುವ ಭಾಗದ) ಜಾಗ ಇತ್ತು. ಆದರೆ ಅದು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿತ್ತು. ವಾರಸಾ ಆಗಬೇಕು, ಅಂದರೆ ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಇಬ್ಬರು ಕಾಕಾಗಳ ಸಹಿ ಬೇಕು, ಆಮೇಲೆ ಪಂಚಾಯಿತಿಯ ಆಸ್ತಿ ದಾಖಲೆ ಈ-ಸ್ವತ್ತು. ದೊಡ್ಡ ಕಾಕಾ ಸಹಿ ಹಾಕಿದ. ಸಣ್ಣ ಕಾಕಾ, “ಬ್ಯಾಂಕಿನವ್ರು ಜಾಗಾ ಜಪ್ತಿ ಮಾಡಿದ್ರ ನನ್ ಪಾಲು ಏನವ್ವಾ?” ಅಂತ ಕೂತುಬಿಟ್ಟ. ಅವನ ಪ್ರಶ್ನೆ ತಪ್ಪಾಗಿರಲಿಲ್ಲ. 10 ಲಕ್ಷದವರೆಗಿನ ಸಾಲಕ್ಕೆ ಕಿರು ಉದ್ಯಮದವರಿಂದ ಬ್ಯಾಂಕು ಆಸ್ತಿ ಅಡಮಾನ ಕೇಳಬಾರದು ಎಂದು ಆಗ ರಿಸರ್ವ್ ಬ್ಯಾಂಕಿನ ನಿಯಮವೇ ಇತ್ತು, ಅದನ್ನು ತೋರಿಸಿದೆ. ಓದಿದ. ನಂಬಲಿಲ್ಲ. ದೀಪಾವಳಿಗೆ ಅವನ ಮಗಳು ತವರಿಗೆ ಬಂದವಳು ಬೈದು ಸಹಿ ಹಾಕಿಸಿದಳು.

ಜಿಲ್ಲಾ ಸಮಿತಿಯಲ್ಲಿ ಅರ್ಜಿ ಪಾಸಾದದ್ದು ನನ್ನ ಮಟ್ಟಿಗೆ ದೊಡ್ಡ ಸುದ್ದಿ. ಊರಲ್ಲಿ ಪೇಢೆ ಹಂಚಿದೆ. ಸಂಪನ್ಮೂಲ ವ್ಯಕ್ತಿ ನಕ್ಕು, “ಅಕ್ಕಾರ, ಸರ್ಕಾರ ಸಾಲ ಕೊಡಂಗಿಲ್ರಿ. ಬ್ಯಾಂಕ್ ಕೊಡ್ತದ. ಈಗ ಶುರು ಆಯ್ತು ನೋಡ್ರಿ” ಅಂದರು.

ನನ್ನ ಸಿಬಿಲ್, ಅಂದರೆ ಸಾಲದ ಚರಿತ್ರೆಯ ಅಂಕ, ನೋಡಿದರೆ ಮೈನಸ್ ಒಂದು. ಜನ್ಮದಲ್ಲಿ ಸಾಲವನ್ನೇ ಮಾಡದವರಿಗೆ ಹಾಗೆ ಬರುತ್ತದೆ. ಅಪ್ಪನ ಬೆಳೆಸಾಲ ಒಂದು ವರ್ಷ ತಡವಾಗಿ ನವೀಕರಣವಾಗಿದ್ದು ಅವನ ಹೆಸರಿಗೆ ಅಂಟಿತ್ತು. ಬ್ಯಾಂಕಿನ ಫೀಲ್ಡ್ ಆಫೀಸರ್ ಇದನ್ನೆಲ್ಲ ತಿರುವಿ ಹಾಕಿ, ಕೊನೆಗೆ ಕೇಳಿದ್ದು ಇವ್ಯಾವುದನ್ನೂ ಅಲ್ಲ.

“ನಾಳಿ ನಿಮ್ ಮದುವಿ ಆದ್ರ ಈ ಮಿಲ್ಲು ಯಾರ್ ನಡಸ್ತಾರ್ರಿ?”

“ಮದುವಿ ಆದ್ರ ನಾ ಹೋಗಬಹುದ್ ಸರ್, ಮಿಲ್ಲ್ ಎಲ್ಲೂ ಹೋಗಂಗಿಲ್ಲ. ಕಾಂಕ್ರೀಟಿನಾಗ ಬೋಲ್ಟ್ ಹಾಕ್ತೀವಿ.”

ಪಕ್ಕದ ಕೌಂಟರಿನವರು ನಕ್ಕರು, ಇವರು ನಗಲಿಲ್ಲ. ಫೈಲು ಅಲ್ಲಿಯೇ ಬಿತ್ತು. ಜಿಲ್ಲೆಯ ಬ್ಯಾಂಕುಗಳ ನಡುವೆ ಹೊಂದಾಣಿಕೆ ಮಾಡುವ ಲೀಡ್ ಬ್ಯಾಂಕಿಗೆ ಪತ್ರ ಬರೆದೆ, ಕೃಷಿ ಇಲಾಖೆಯವರೂ ಫೋನ್ ಮಾಡಿದರು. ಆದರೆ ಕೆಲಸ ಆದದ್ದು ಆ ಶಾಖೆಗೆ ಹೊಸ ಮ್ಯಾನೇಜರ್ ಬಂದ ಮೇಲೆ. ಅವರು ಬೀದರ್ ಕಡೆಯವರು, ಸ್ವತಃ ತೊಗರಿ ಬೆಳೆಯುವ ಮನೆಯವರು. ಮೊದಲು ಕೇಳಿದ್ದು, “ಕ್ವಿಂಟಲ್‌ಗ ಬ್ಯಾಳಿ ಎಷ್ಟ್ ಬೀಳ್ತದ?” ಎಪ್ಪತ್ತರಿಂದ ಎಪ್ಪತ್ತೈದು ಕಿಲೋ, ಉಳಿದದ್ದು ನುಚ್ಚು, ಹೊಟ್ಟು ಅಂದೆ. ತಲೆಯಾಡಿಸಿದರು. ಅರ್ಹತೆ ಅನ್ನುವುದು ಹೀಗೆ ಮೇಜಿನ ಆಚೆ ಯಾರು ಕೂತಿದ್ದಾರೆ ಎಂಬುದರ ಮೇಲೆ ನಿಂತರೆ, ಯೋಜನೆ ಎಷ್ಟು ಚಂದ ಬರೆದಿದ್ದರೇನು?

ಆ ಮ್ಯಾನೇಜರೂ ಒಂದು ವಿಷಯದಲ್ಲಿ ಮಾತ್ರ ಕೈ ಚೆಲ್ಲಿದರು. ಮಷೀನಿಗೆ ಸಾಲ ಮಂಜೂರು, ತೊಗರಿ ಕೊಳ್ಳಲು ಇಲ್ಲ. ಲೆಕ್ಕ ನೋಡಿ. ತಾಸಿಗೆ ಒಂದು ಕ್ವಿಂಟಲ್ ಅಂದರೆ ದಿನಕ್ಕೆ 8. ತಿಂಗಳಿಗೆ 20 ದಿನ ನಡೆದರೂ 160 ಕ್ವಿಂಟಲ್. ಆಗ, ಅಂದರೆ 2024ರಲ್ಲಿ, ಗಂಜಿನಲ್ಲಿ ತೊಗರಿ ಧಾರಣೆ 10,000 ದಾಟಿತ್ತು. ಒಂದು ತಿಂಗಳ ತೊಗರಿಗೇ 16 ಲಕ್ಷ, ಇಡೀ ಮಿಲ್ಲಿನ ಎರಡು ಪಟ್ಟು. ಸಬ್ಸಿಡಿ ಸಿಗುವುದು ಯಂತ್ರಕ್ಕೆ, ಆದ್ದರಿಂದ ಎಲ್ಲರ ವರದಿಯೂ ಯಂತ್ರದ ಸುತ್ತಲೇ ತಿರುಗುತ್ತದೆ. ಎತ್ತು ಕೊಡಿಸಿ, ಮೇವು ನಿನ್ನದು ನೀ ನೋಡಿಕೋ ಅಂದಂತೆ. ನಮ್ಮ ಜಿಲ್ಲೆಯಲ್ಲಿ ಬೀಗ ಬಿದ್ದಿರುವ ಸಣ್ಣ ಘಟಕಗಳನ್ನು ನೋಡಿದಾಗ ಜನ ‘ಹುಡುಗರಿಗೆ ತಾಳ್ಮೆ ಇಲ್ಲ’ ಅನ್ನುತ್ತಾರೆ. ನನಗೆ ಕಾಣುವುದು ಮೇವಿಲ್ಲದ ಎತ್ತು.

ದುಡಿಯುವ ಬಂಡವಾಳ ಇಲ್ಲದಿದ್ದರೆ ಉಳಿದ ದಾರಿ ಕೂಲಿ ಮಿಲ್ಲಿಂಗ್. ರೈತರೇ ತೊಗರಿ ತರಬೇಕು, ನಾವು ಒಡೆದುಕೊಡಬೇಕು. ಮೊದಲೇ ನನ್ನ ತಲೆಯಲ್ಲಿದ್ದದ್ದೂ ಅದೇ. ಆದರೆ ಅದನ್ನು ವರದಿಯಲ್ಲಿ ಬರೆದರೆ ವಹಿವಾಟು ಚಿಕ್ಕದಾಗಿ ಕಾಣುತ್ತದೆಂದು ಬ್ರಾಂಡು, ಪ್ಯಾಕೆಟ್ಟು, ಬೆಂಗಳೂರು ಮಾರುಕಟ್ಟೆ ಎಂದೆಲ್ಲ ಬರೆಯಬೇಕಾಗಿತ್ತು.

ಮಿಲ್ಲು ಬಂದು ಕೂತಿತು. ತ್ರೀ ಫೇಸ್ ಮೀಟರ್ ಬಂತು. ಯಂತ್ರದ ರೊಕ್ಕ ಬ್ಯಾಂಕಿನಿಂದ ನೇರ ಮಾರಿದವರಿಗೇ ಹೋಗುತ್ತದೆ, ನಮ್ಮ ಕೈ ಮೇಲೆ ಹಾಯುವುದಿಲ್ಲ. ಅದು ಒಳ್ಳೆಯದೇ.

ಬ್ಯಾಳಿ ಮಾಡುವುದು ಯಂತ್ರದ ಕೆಲಸ ಅಂದುಕೊಂಡವರು ಒಮ್ಮೆ ನಮ್ಮ ಕಟ್ಟೆ ಮೇಲೆ ಬಂದು ನಿಲ್ಲಬೇಕು. ಮೊದಲ ಸಲ ಕಾಳನ್ನು ರೋಲರಿಗೆ ಬಿಡುವುದು ಸಿಪ್ಪೆಗೆ ಗೀರು ಬೀಳಲಿ ಅಂತ ಅಷ್ಟೇ. ಆಮೇಲೆ ಸ್ವಲ್ಪ ಎಣ್ಣೆ, ನೀರು ಸವರಿ ರಾತ್ರಿಯಿಡೀ ಗುಡ್ಡೆ ಹಾಕಿ ತಾಡಪತ್ರಿ ಮುಚ್ಚಬೇಕು. ಮರುದಿನ ಬಿಸಿಲಿಗೆ ಹರವಬೇಕು. ಕಾಲಿನಿಂದ ಸಾಲು ಹೊಡೆಯುತ್ತ ತಿರುವಬೇಕು. ಒಣಗಿತೋ ಇಲ್ಲವೋ ನೋಡಲು ನಮ್ಮಲ್ಲಿ ಮೀಟರು ಇದೆ, ಆದರೆ ನಮ್ಮ ಓಣಿಯ ಅತ್ತೆಯೊಬ್ಬರು ಒಂದು ಕಾಳು ಹಲ್ಲಿಗಿಟ್ಟು ಕಟ್ ಅನ್ನಿಸುತ್ತಾರೆ. ಹಲ್ಲಿಗೆ ಅಂಟಿಕೊಂಡರೆ, “ಇನ್ನೊಂದ್ ಬಿಸಿಲ್ ಕೊಡವ್ವಾ.” ಆ ಇನ್ನೊಂದು ಬಿಸಿಲು ಕೊಡದೆ ಒಡೆದರೆ ಸಿಪ್ಪೆ ಬಿಡುವುದಿಲ್ಲ, ಕಾಳು ನುಚ್ಚಾಗುತ್ತದೆ, ರೈತ ಜಗಳಕ್ಕೆ ಬರುತ್ತಾನೆ. ಮೋಡ ಕವಿದ ದಿನ ಮಿಲ್ಲಿಗೆ ರಜೆ. ತಳಿ ಬದಲಾದರೂ ಲೆಕ್ಕ ಬದಲಾಗುತ್ತದೆ. ಟಿಎಸ್-3ಆರ್ ಒಂದು ಥರ, ಜಿಆರ್‌ಜಿ-811 ಇನ್ನೊಂದು ಥರ, ಹಳೆಯ ಗುಳ್ಯಾಳದ್ದು ಬೇರೆಯೇ ಹಟ. ರೋಲರಿನ ಅಂತರ ಪ್ರತಿ ಸಲ ಹೊಂದಿಸಬೇಕು. ಡಿಗ್ರಿಯಲ್ಲಿ ಓದಿದ ಭೌತಶಾಸ್ತ್ರ ನನಗೆ ಉಪಯೋಗಕ್ಕೆ ಬಂದದ್ದು ಇಲ್ಲಿಯೇ.

ಮೊದಲ ಸುಗ್ಗಿ 2025ರ ಜನವರಿ. ಹೊಸ ತೊಗರಿ ಗಂಜಿಗೆ ನುಗ್ಗಿತು, ಮ್ಯಾನ್ಮಾರ್ ಮತ್ತು ಆಫ್ರಿಕಾದಿಂದ ಸುಂಕವಿಲ್ಲದೆ ಬಂದ ಮಾಲೂ ಇತ್ತು. ಧಾರಣೆ ಬೆಂಬಲ ಬೆಲೆ 7,550ಕ್ಕಿಂತಲೂ ಕೆಳಗೆ ಬಿತ್ತು. ನನ್ನ ಜೊತೆ ತರಬೇತಿಗೆ ಬಂದಿದ್ದ ಆಳಂದ ಕಡೆಯ ಹುಡುಗನೊಬ್ಬ ಮಾವನ ಹತ್ತಿರ ಬಡ್ಡಿಗೆ ತೆಗೆದು, ಧಾರಣೆ ಮೇಲಿದ್ದಾಗ ತೊಗರಿ ತುಂಬಿಟ್ಟಿದ್ದ. ಅವನು ಈಗ ಪುಣೆಯಲ್ಲಿದ್ದಾನೆ. ನನಗೆ ಬಂಡವಾಳ ಸಿಕ್ಕಿದ್ದರೆ ನಾನೂ ತುಂಬಿಡುತ್ತಿದ್ದೆನೋ ಏನೋ. ಇತ್ತ ಬೆಲೆ ಬಿದ್ದದ್ದರಿಂದಲೇ ನನ್ನ ಮಿಲ್ಲಿಗೆ ಜನ ಬಂದರು. “ಈ ಧಾರಣಿಗ ಮಾರೂದಕ್ಕಿಂತ ಬ್ಯಾಳಿ ಮಾಡ್ಕೊಂಡ್ ತಿಂದ್ರ ಛಲೋ” ಅಂತ ನಾಲ್ಕು ಊರಿನವರು ಟಂಟಂನಲ್ಲಿ ಚೀಲ ಹಾಕಿಕೊಂಡು ಬಂದರು. ಕೆಲವರು ಕೂಲಿ ಕೊಡುತ್ತಾರೆ, ಕೆಲವರು ಹೊಟ್ಟು, ನುಚ್ಚು ಬಿಟ್ಟುಹೋಗುತ್ತಾರೆ. ಬೆಂಗಳೂರಿನಲ್ಲಿ ಮಕ್ಕಳಿರುವವರು ಬ್ಯಾಳಿಯನ್ನು ಅಲ್ಲಿಗೆ ಕಳಿಸುತ್ತಾರೆ. ಹಾಗೆ ಹೋದ ಬ್ಯಾಳಿಯಿಂದ ನನಗೆ ಫೋನುಗಳು ಬರತೊಡಗಿದವು.

ಹೀಗೆ ಪ್ಯಾಕೆಟ್ಟು ಮಾರಾಟ ಶುರುವಾಯಿತು. ಪ್ಯಾಕೆಟ್ಟು ಅಂದಕೂಡಲೇ ಬೇರೆ ಲೋಕ. ತೂಕ-ಅಳತೆ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ, ಚೀಟಿಯ ಮೇಲೆ ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ಫೋನು. ಚೀಟಿ ಹಚ್ಚಿದ ಪ್ಯಾಕೆಟ್ಟಿಗೆ 2022ರ ಜುಲೈನಿಂದ 5 ಶೇಕಡಾ ಜಿಎಸ್‌ಟಿ ಇದೆ, ಬಿಡಿ ಮಾರಿದರೆ ಇಲ್ಲ. ಆದರೆ ನಮ್ಮಷ್ಟು ಸಣ್ಣವರು ನೋಂದಣಿಯ ಮಿತಿಯೊಳಗೇ ಇರುತ್ತೇವೆ. ಜಿಐ ಚಿಹ್ನೆಯನ್ನು ನಮ್ಮೂರಿನ ತೊಗರಿ ಅಂತ ಸುಮ್ಮನೆ ಅಚ್ಚು ಹಾಕಿಸುವಂತಿಲ್ಲ, ಅಧಿಕೃತ ಬಳಕೆದಾರರೆಂದು ಬೇರೆ ನೋಂದಣಿ ಬೇಕು. ಚಿತ್ತಾಪುರದ ಅಂಗಡಿಯವರು ನಮ್ಮ ಬ್ಯಾಳಿ ಮಂಕು ಅಂತ ತಿರುಗಿಸಿ ಕಳಿಸಿದರು. ಬೆಂಗಳೂರಿನವರು ಅದೇ ಮಂಕಿಗೆ, ಪಾಲಿಶ್ ಇಲ್ಲದ್ದು ಅಂತ, ಹೆಚ್ಚು ಕೊಡುತ್ತಾರೆ.

ಈಗ ಎರಡು ಸುಗ್ಗಿ ಕಳೆದಿವೆ. ಕಂತು ತಪ್ಪಿಲ್ಲ, ಅವ್ವನ ಸರ ಬಿಡಿಸಿದ್ದೇವೆ. ಜನವರಿಯಿಂದ ಏಪ್ರಿಲ್ ತನಕ ಮೂವರು ಹೆಂಗಸರಿಗೆ, ಒಬ್ಬ ಹುಡುಗನಿಗೆ ಕೆಲಸ. ಕಡಲೆ ಮುಗಿದ ಮೇಲೆ ಕೆಲಸ ಇಳಿಯುತ್ತದೆ. ಮತ್ತೆ ಹೆಸರು, ಉದ್ದು ಬರುವ ಸೆಪ್ಟೆಂಬರಿನಲ್ಲಿ ಸ್ವಲ್ಪ ಏಳುತ್ತದೆ. ಇದನ್ನು ನಿರುದ್ಯೋಗಕ್ಕೆ ಪರಿಹಾರ ಅಂತ ಯಾರಾದರೂ ನನ್ನನ್ನು ವೇದಿಕೆ ಮೇಲೆ ಕರೆದರೆ ನಾನು ಒಪ್ಪುವುದಿಲ್ಲ. ಅಡವಿಡಲು ಸರ, ಗಾಂವಠಾಣದಲ್ಲಿ ಜಾಗ, ಸಹಿ ಹಾಕಿಸುವ ಅಕ್ಕ, ಇವು ನನಗೆ ಇದ್ದವು. ಲೈಬ್ರರಿಯಲ್ಲಿ ನನ್ನ ಪಕ್ಕ ಕೂತು ಓದುತ್ತಿದ್ದ ಭೂಮಿಯಿಲ್ಲದ ಮನೆಯ ಹುಡುಗಿಗೆ ಇರಲಿಲ್ಲ. ಅವಳಿಗೆ ಖಾಲಿ ಬಿದ್ದಿರುವ ಸರ್ಕಾರಿ ಹುದ್ದೆ ತುಂಬುವುದೇ ಉಪಕಾರ. ಇಬ್ಬರಿಗೂ ಒಂದೇ ಭಾಷಣ ಮಾಡಿದರೆ ಹೇಗೆ?

ಮಿಲ್ಲು ನೋಡಲು ಬರುವ ಹುಡುಗರು ಮೊದಲು ಕೇಳುವುದು, “ಸಬ್ಸಿಡಿ ಎಷ್ಟ್ ಸಿಗ್ತದ ಅಕ್ಕಾ?” ನಾನು ಅವರ ಯೋಜನಾ ವರದಿ ಇಸಿದುಕೊಂಡು, ಕಚ್ಚಾ ಮಾಲಿನ ಪುಟ ತೆಗೆದು ನೋಡುತ್ತೇನೆ. ಬಹಳ ಸಲ ಆ ಪುಟವೇ ಇರುವುದಿಲ್ಲ. ಬೆಳೆದವರ ಮಾಲನ್ನು ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಸಾಲ ಕೊಡುವ ವ್ಯವಸ್ಥೆ ಕಾಗದದ ಮೇಲೆ ಇದೆ. ಅದು ಹೋಬಳಿ ಮಟ್ಟಕ್ಕೆ ಇಳಿದು, ಮಿಲ್ಲಿನವರಿಗೂ ಸುಲಭವಾದರೆ, ನಮ್ಮಂಥವರಿಗೆ ಇನ್ನೊಂದು ಹತ್ತು ಶೇಕಡಾ ಸಬ್ಸಿಡಿಗಿಂತ ಹೆಚ್ಚಿನ ಉಪಯೋಗ.

ಈ ವರ್ಷ ಬ್ಯಾಂಕಿಗೆ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ತುಂಬುವ ಸಾಲ) ಮಿತಿಗೆ ಅರ್ಜಿ ಕೊಟ್ಟಿದ್ದೇನೆ. ಅಂದಾಜು ವಾರ್ಷಿಕ ವಹಿವಾಟಿನ 20 ಶೇಕಡಾ ದುಡಿಯುವ ಬಂಡವಾಳ ಕೊಡುವುದು ಸಣ್ಣ ಉದ್ಯಮದ ಲೆಕ್ಕ. ಆದರೆ ಕೂಲಿ ಮಿಲ್ಲಿಂಗಿನಲ್ಲಿ ವಹಿವಾಟೆಂದರೆ ಕೂಲಿಯಷ್ಟೇ. ಶೆಡ್ಡಿನಲ್ಲಿ 40 ಚೀಲ ಇದ್ದರೂ ಅದು ರೈತರ ಮಾಲು, ನನ್ನ ಸ್ಟಾಕಲ್ಲ. ಸ್ವಂತ ಸ್ಟಾಕ್ ತೋರಿಸಿದರೆ ಮಿತಿ ಕೊಡುತ್ತೇವೆ ಅನ್ನುತ್ತಾರೆ, ಮಿತಿ ಇಲ್ಲದೆ ಸ್ಟಾಕ್ ಕೊಳ್ಳಲು ರೊಕ್ಕ ಎಲ್ಲಿಂದ ಬರಬೇಕು? ಅದಕ್ಕೆ ಕೂಲಿ ರೊಕ್ಕದಲ್ಲೇ ಅಪ್ಪನಿಂದ, ದೊಡ್ಡ ಕಾಕಾನಿಂದ ಗಂಜಿನ ಧಾರಣೆಗೇ ಒಂದಿಷ್ಟು ಗುಳ್ಯಾಳ ಕೊಂಡು, ಬಿಲ್ಲು ಬರೆಸಿ, ಬೇರೆ ಮೂಲೆಯಲ್ಲಿ ನನ್ನ ಹೆಸರಿನ ಚೀಟಿ ಹಚ್ಚಿ ಒಟ್ಟಿದ್ದೇನೆ. ಸಣ್ಣ ಕಾಕಾ ಮಾತ್ರ ಉದ್ರಿ ಕೊಡುವುದಿಲ್ಲ, ರೊಕ್ಕ ಎಣಿಸಿಕೊಂಡೇ ಚೀಲ ಇಳಿಸಿದ. ಪರಿಶೀಲನೆಗೆ ಬ್ಯಾಂಕಿನವರು ಮುಂದಿನ ವಾರ ಬರುತ್ತಾರಂತೆ.